ಒಲ್ಲೆನೆಂದ ಫೆರ್ಮಿನ್, ಹೂಂ ಎಂದ ಬಾಲ್ದೊ

ಅಧ್ಯಕ್ಷತೆ ವಹಿಸಿರುವ ನಗರಾಧ್ಯಕ್ಷೆ ದೋನ್ಯಾ ಎಸ್ತೆಲಾ ಅವರೇ, ವೇದಿಕೆಯ ಮೇಲಿರುವ ಪಾದ್ರಿಗಳೇ, ಮುಂದಿನ ಸಾಲಿನಲ್ಲಿರುವ ಬಾಲ್ದೊನ ಮಡದಿ ದೋನ್ಯಾ ಮಿಗ್ದಾಲಿಯಾ ಅವರೇ, ಅವರ ಪಕ್ಕದಲ್ಲಿ ಕೂತು ಈಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ಗೆಳೆಯ ಫೆರ್ಮಿನ್ ಒಸೋರಿಯಾ ಅವರೇ, ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಸಭಿಕರೇ,

ನಮ್ಮ ವಿಯಾ ಕಾಂದೆಲಾದ ಹೊಸ ಬೇಸ್‌ಬಾಲ್ ಮೈದಾನಕ್ಕೆ ಯಾರ ಹೆಸರಿಡಬೇಕು? ಫೆರ್ಮಿನ್ ಹೆಸರೋ, ನಮ್ಮನ್ನಗಲಿದ ಬಾಲ್ದೊ ಕೆಸಾದಾ ಹೆಸರೋ? ಈ ಪ್ರಶ್ನೆಯಿಂದಾಗಿ ಊರಿನಲ್ಲಿ ಡಾಮಿನೊ ಆಟದ ಮೇಜುಗಳು ಮಗುಚಿವೆ, ಒಂದು ಮದುವೆಯೂ ಮುಂದಕ್ಕೆ ಹೋಗಿದೆ. ಇಬ್ಬರ ಚೆಂಡನ್ನೂ ಹಿಡಿದವನು ತೋರಿಬಿಯೊ ಒಬ್ಬನೇ, ಅವನು ಹೇಳಿದ ಹೆಸರನ್ನೇ ಇಡೋಣ ಎಂದು ನಗರಸಭೆ ಜಾಣತನದಿಂದ ಕೈತೊಳೆದುಕೊಂಡಿದೆ. ಹಾಗಾಗಿ ಈ ಮುದುಕ ಮೈಕಿನ ಮುಂದೆ ನಿಂತಿದ್ದಾನೆ.

ನೆಲದ ಮೇಲೆ ಕೂತಿರುವ ಮಕ್ಕಳಿಗಾಗಿ ಒಂದು ಮಾತು. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂರುವ ಕ್ಯಾಚರ್ ನಾನಾಗಿದ್ದೆ. ಯಾವ ಚೆಂಡು ಎಸೆಯಬೇಕೆಂದು ಎಸೆಯುವವನಿಗೆ ಬೆರಳಿನಿಂದ ಸನ್ನೆ ಮಾಡುವುದು ನನ್ನ ಕೆಲಸ. ಒಂದು ಬೆರಳೆಂದರೆ ವೇಗದ್ದು, ಎರಡೆಂದರೆ ತಿರುಗುವಂಥದ್ದು. ಎಸೆಯುವವನು ಒಪ್ಪಿದರೆ ಹೂಂ ಎಂದು ತಲೆ ಬಾಗಿಸುತ್ತಾನೆ, ಇಲ್ಲವಾದರೆ ಒಲ್ಲೆನೆಂದು ಅಲ್ಲಾಡಿಸುತ್ತಾನೆ. ಈ ಇಬ್ಬರು ಮಹನೀಯರ ಇಡೀ ಚರಿತ್ರೆ ಇಷ್ಟರಲ್ಲೇ ಇದೆ ಎಂದರೆ ನಂಬುತ್ತೀರಾ?

ಬಾಲ್ದೊನ ಚೆಂಡಿಗೆ ಅಂಥ ವೇಗವಿರಲಿಲ್ಲ. ಆದರೆ ನಾನು ಎಲ್ಲಿ ಕೈಗವಸು ಹಿಡಿದರೆ ಅಲ್ಲೇ ಬಂದು ಕೂರುತ್ತಿತ್ತು. ಯಾವ ಸನ್ನೆಗೂ ಅವನು ಒಲ್ಲೆ ಎಂದವನಲ್ಲ. ದೋನ್ಯಾ ಮಿಗ್ದಾಲಿಯಾ ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದ್ದರು. ‘ಮೈದಾನದಲ್ಲಿ ನೀನು ಹೇಳಿದ್ದಕ್ಕೆಲ್ಲ ಇವರು ಹೂಂ ಅಂತಾರಂತೆ. ಮನೇಲಿ ಒಂದಕ್ಕಾದ್ರೂ ಅನ್ನೋಕೆ ಹೇಳಪ್ಪ’ ಅಂದಿದ್ದರು. ಹೇಳಿದ ಮಾತು ಕೇಳುವವನು ಯಾರಿಗೆ ಬೇಡ? ಅಮೆರಿಕದ ದೊಡ್ಡ ಲೀಗಿನವರು ತಲೆ ನರೆಯುವವರೆಗೂ ಅವನನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಊರಿಗೆ ಬಂದು ನಮ್ಮ ತಂಡಕ್ಕೆ ಎಸೆಯುತ್ತಿದ್ದ. ಆಗ ನಮ್ಮ ಪತ್ರಿಕೆಗಳು ಅವನನ್ನು ‘ಪ್ರೊಫೆಸರ್’ ಎಂದು ಬರೆಯುತ್ತಿದ್ದವು. ಅದನ್ನು ನಾನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಪಾಠ ಹೇಳಿಕೊಟ್ಟವರು ಯಾರು ಎಂದು ಅವಳು ಕೇಳಲಿ ಎಂಬ ಆಸೆ ನನಗೆ. ಪುಣ್ಯಾತ್ಗಿತ್ತಿ ಒಮ್ಮೆಯೂ ಕೇಳಲಿಲ್ಲ.

ಇನ್ನು ಫೆರ್ಮಿನ್. ಕಬ್ಬು ಕಡಿದು ಗಟ್ಟಿಯಾದ ಎಡಗೈ. ಭಾನುವಾರ ಅವನ ಚೆಂಡು ಹಿಡಿದರೆ ಸೋಮವಾರ ನನಗೆ ಹೆಂಡತಿಯೇ ತುತ್ತು ತಿನ್ನಿಸಬೇಕು. ಒಂದು ಬೆರಳು ತೋರಿಸಿದರೆ ಒಲ್ಲೆ. ಎರಡು ತೋರಿಸಿದರೂ ಒಲ್ಲೆ. ಮತ್ತೆ ಒಂದು ತೋರಿಸಿದರೆ, ಅದು ತನ್ನದೇ ಆಲೋಚನೆ ಎನ್ನುವಂತೆ, ಹೂಂ. ಮೊದಲ ಸನ್ನೆಗೆ ಅವನು ಒಪ್ಪಿದ್ದೇ ಇಲ್ಲ. ಈ ಹಟದಿಂದ ನಾವು ಸೋತ ಪಂದ್ಯಗಳೂ ಇವೆ. ಅವನನ್ನೂ ಅಮೆರಿಕಕ್ಕೆ ಕರೆಸಿಕೊಂಡರು. ಅಲ್ಲಿನ ತರಬೇತುದಾರ ಬೆಂಚಿನಿಂದಲೇ ಅಪ್ಪಣೆ ಕೊಟ್ಟನಂತೆ, ಇವನು ಅದಕ್ಕೂ ತಲೆ ಅಲ್ಲಾಡಿಸಿದನಂತೆ. ಮಳೆಗಾಲ ಮುಗಿಯುವುದರೊಳಗೆ ಮತ್ತೆ ನಮ್ಮ ಕಾರ್ಖಾನೆಯಲ್ಲಿದ್ದ.

ಅವನ ಕಡೆಯ ಪಂದ್ಯ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನಾನು ಎರಡು ಬೆರಳು ತೋರಿಸಿದೆ. ಫೆರ್ಮಿನ್ ತಕ್ಷಣ ಹೂಂ ಎಂದ. ಆಟ ನಿಲ್ಲಿಸಿ ಅವನ ಹತ್ತಿರ ಓಡಿದೆ.

‘ಏನಾಯ್ತೋ?’ ಅಂದೆ.

‘ಭುಜ ಹೋಯ್ತು ಕಣೋ. ಇನ್ನು ನೀನೇ ಹೇಳು, ಎಸೀತೀನಿ’ ಅಂದ.

ಆ ಪಂದ್ಯವನ್ನು ನಾವು ಗೆದ್ದೆವು, ನಾನು ಹೇಳಿದ ಚೆಂಡುಗಳಿಂದಲೇ ಗೆದ್ದೆವು. ನೀವೆಲ್ಲ ಕುಣಿಯುತ್ತಿದ್ದಾಗ ನಾನು ಮುಖದ ಕವಚ ತೆಗೆಯದೆ ಅತ್ತೆ.

ನಿನ್ನೆ ಫೆರ್ಮಿನ್ ನಮ್ಮ ಮನೆಗೆ ಬಂದಿದ್ದ. ಕಾಫಿ ಕುಡಿದ. ಸಕ್ಕರೆ ಸಾಲದು ಎಂದು ಜಗಳ ತೆಗೆದ. ಹೊರಡುವಾಗ, ‘ನಾಳೆ ಬಾಲ್ದೊ ಹೆಸರು ಹೇಳ್ಬಿಡು. ನಾನು ಬೀದೀಲಿ ಹೋದ್ರೆ ಹುಡುಗ್ರು ಹೆಸರು ಹಿಡಿದು ಕೂಗ್ತಾರೆ. ಅವನನ್ನ ಇನ್ಯಾರು ಕೂಗ್ತಾರೆ?’ ಅಂದ. ಇದನ್ನು ಸಭೆಯಲ್ಲಿ ಹೇಳಬಾರದು ಎಂದೂ ಅಂದ. ಎಷ್ಟು ಮಾತನ್ನು ತಾನೇ ಪಾಲಿಸಲಿ?

ದೋನ್ಯಾ ಮಿಗ್ದಾಲಿಯಾ, ನನ್ನನ್ನು ಕ್ಷಮಿಸಿ. ಬಾಲ್ದೊ ನನಗೆ ಒಡಹುಟ್ಟಿದ ತಮ್ಮನಂತಿದ್ದ. ಅವನ ಹೆಸರು ಮೈದಾನದ ಬಾಗಿಲ ಮೇಲೆ ಬಂದರೆ ದಿನವೂ ಅದರ ಕೆಳಗೆ ನಿಂತು, ಅವನು ಎಸೆದದ್ದೆಲ್ಲ ನನ್ನ ಸನ್ನೆಯಂತೆಯೇ, ಈ ಹೆಸರಿನಲ್ಲಿ ಅರ್ಧ ನನ್ನದೇ ಎಂದು ನಾನು ಒಳಗೊಳಗೇ ಹಿಗ್ಗುತ್ತೇನೆ. ಆ ಆಸೆ ಬಹಳ ಸಿಹಿಯಾಗಿದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಆ ಕಡೆಯ ಪಂದ್ಯವೊಂದನ್ನು ಬಿಟ್ಟರೆ, ಫೆರ್ಮಿನ್ ಗೆದ್ದದ್ದೂ ಸೋತದ್ದೂ ಪೂರ್ತಿ ಅವನದೇ. ಅದರಲ್ಲಿ ನನಗೆ ಚೂರೂ ಪಾಲಿಲ್ಲ.

ಫೆರ್ಮಿನ್, ಜೀವಮಾನವಿಡೀ ನಾನು ತೋರಿಸಿದ್ದಕ್ಕೆ ನೀನು ಒಲ್ಲೆ ಎಂದೆ. ನಿನ್ನೆ ನೀನು ತೋರಿಸಿದ ಹೆಸರಿಗೆ, ಇಡೀ ಊರಿನ ಮುಂದೆ, ನಾನು ಒಲ್ಲೆ ಅನ್ನುತ್ತಿದ್ದೇನೆ. ಮೈದಾನಕ್ಕೆ ನಿನ್ನ ಹೆಸರು. ತಲೆ ಎಷ್ಟು ಬೇಕಾದರೂ ಅಲ್ಲಾಡಿಸು, ಎದ್ದು ಮಾತ್ರ ಹೋಗಬೇಡ. ದೋನ್ಯಾ ಮಿಗ್ದಾಲಿಯಾ ನಿನ್ನ ಕೈ ಹಿಡಿದುಕೊಂಡಿದ್ದಾರೆ, ನೋಡು.

ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ನಾನು ಋಣಿ. ನಮಸ್ಕಾರ.