ಮುಟ್ಟದೆ ಬಿಟ್ಟ ಎಲೆ ಅಡಿಕೆ ತಟ್ಟೆ

ಅಧ್ಯಕ್ಷತೆ ವಹಿಸಿರುವ ಕೊಟ್ರೇಶಣ್ಣನವರೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮೂರ ದಂತವೈದ್ಯೆ ಡಾಕ್ಟರ್ ಚೈತ್ರಾ ಅವರೇ, ಅವರ ತಾಯಿ ಪಾರ್ವತಮ್ಮನವರೇ, ಚಿಕ್ಕಜಾಜೂರಿನ ಸಭಿಕರೇ,

ಹಿರಿಯ ನಾಗರಿಕರ ಪರವಾಗಿ ಎರಡು ಮಾತು ಹೊಗಳಿ ಕೂತ್ಕೊಳ್ರಿ ಎಂದು ನನ್ನನ್ನು ವೇದಿಕೆ ಹತ್ತಿಸಿದ್ದಾರೆ. ಮೂವತ್ತೆರಡು ವರ್ಷ ರೈಲಿಗೆ ಬಾವುಟ ತೋರಿಸಿದವನು ನಾನು, ಮೈಕು ಹಿಡಿದವನಲ್ಲ. ಅದಿರಲಿ, ಈ ಹೆಣ್ಣುಮಗಳನ್ನು ಹೊಗಳುವ ಯೋಗ್ಯತೆ ನನಗಿದೆಯೇ?

ಆರು ವರ್ಷದ ಹಿಂದೆ ನನ್ನ ಮಗ ಹಾಲೇಶನಿಗೆ ಇವರನ್ನು ನೋಡಲು ಹೋಗಿದ್ದೆವು. ಹುಡುಗ ಹುಡುಗಿ ಒಪ್ಪಿದ್ದರು. ಎಲೆ ಅಡಿಕೆ ತಟ್ಟೆ ಬಂತು. ತೆಗೆದುಕೊಂಡರೆ ಸಂಬಂಧ ಕುದುರಿದಂತೆ. ಅಷ್ಟರಲ್ಲಿ ಯಾರೋ, ಹುಡುಗಿಯ ತಂದೆ ತೀರಿಹೋದದ್ದು ಬಾಯಿ ಕ್ಯಾನ್ಸರಿನಿಂದ ಎಂದರು. ನಾನು ತಟ್ಟೆ ಮುಟ್ಟದೆ ಎದ್ದೆ. "ವಂಶದಾಗೆ ಐತಲ್ಲಮ್ಮ, ನಮ್ಮ ಮೊಮ್ಮಕ್ಕಳ ಗತಿ ಏನು?" ಎಂದು ಪಾರ್ವತಮ್ಮನವರ ಮುಖಕ್ಕೇ ಹೇಳಿದೆ. ಹೇಳಿ ಜಗಲಿಗೆ ಬಂದವನು ಮೊದಲು ಮಾಡಿದ್ದೇನು ಗೊತ್ತೇ? ನನ್ನ ಸಂಚಿ ಬಿಚ್ಚಿ ಅಡಿಕೆ, ಹೊಗೆಸೊಪ್ಪು ದವಡೆಗಿಟ್ಟುಕೊಂಡೆ. ನಗ್ರಿ, ನಗಬೇಕಾದದ್ದೇ.

ಹೋದ ವಾರ ಇದೇ ಶಾಲೆಯಲ್ಲಿ ಇವರು ನಡೆಸಿದ ದಂತ ತಪಾಸಣೆಯಲ್ಲಿ ಬಾಯಿ ತೆರೆದೆ. ಒಳಗೆ ಬಿಳಿ ಮಚ್ಚೆ. ಡಾಕ್ಟರು ನನ್ನ ಗುರುತು ಹಿಡಿದರೂ ಹಳೆಯದನ್ನು ಎತ್ತಲಿಲ್ಲ.

"ಹೆದರಬ್ಯಾಡ್ರಿ ಅಜ್ಜಪ್ಪನೋರೇ, ಚೂರು ತೆಗೆದು ಪರೀಕ್ಷೆ ಮಾಡ್ಸಾಣ. ನಿಮ್ಮ ಮನೇಲಿ ಯಾರಿಗಾದ್ರೂ ಇದು ಇತ್ತಾ?"

"ಇಲ್ಲಮ್ಮ" ಎಂದೆ. ಫಾರಂನಲ್ಲಿ ಹಾಗೆಯೇ ಬರೆದುಕೊಂಡರು.

"ವಂಶದ್ದೂ ಒಂದು ಪಾಲು ಇರಬಹುದು ಅಂತ ಕೇಳ್ದೆ. ರಕ್ತ ಬದಲಾಯ್ಸಕ್ಕಾಗಲ್ಲ, ಸಂಚಿ ಬಿಡಬಹುದು" ಎಂದರು.

ಸಭಿಕರೇ, ನಾನು ಹೇಳಿದ್ದು ಸುಳ್ಳು. ನನ್ನ ಅವ್ವ ಹೋದದ್ದು ಬಾಯಿ ಕ್ಯಾನ್ಸರಿನಿಂದ. ಆಮೇಲೆ ನನ್ನ ಅಕ್ಕನೂ. ತಂಗಿಯರ ಮದುವೆ ನಿಲ್ಲಬಾರದೆಂದು ಊರಿಗೆಲ್ಲ ಹಲ್ಲಿನ ಕೀವು ತಲೆಗೇರಿ ಹೋದರು ಎಂದೆವು. ಮಗನಿಗೂ ಅದನ್ನೇ ಹೇಳಿ ಬೆಳೆಸಿದೆ. ಇಂಥ ಮನೆಯಿಂದ ಹೋಗಿ ಇನ್ನೊಬ್ಬರ ರಕ್ತ ಸರಿಯಿಲ್ಲ ಎಂದು ಬಂದೆನಲ್ಲ, ನಾಚಿಕೆಯಾಗುತ್ತದೆ.

ನನ್ನ ವರದಿ ಸೋಮವಾರ ಬರುತ್ತದೆ. ಬರಲಿ. ಆದರೆ ಮೂರನೇ ಸಾಲಿನಲ್ಲಿರುವ ಹಾಲೇಶನ ದವಡೆ ಈಗಲೂ ಹೊಗೆಸೊಪ್ಪು ತುಂಬಿ ಉಬ್ಬಿದೆ. ಬಿಡೋ ಎಂದರೆ, "ನಮ್ಮ ವಂಶದಾಗೆ ಇಲ್ಲ ಬಿಡಪ್ಪ" ಎಂದು ನನ್ನ ಸುಳ್ಳನ್ನೇ ನನಗೆ ಹೇಳುತ್ತಾನೆ.

ಲೇ ಹಾಲೇಶ, ಐತಪ್ಪ. ಉಗಿದು ಬಂದು ಡಾಕ್ಟರಿಗೆ ಬಾಯಿ ತೋರಿಸು.

ಪಾರ್ವತಮ್ಮನವರೇ, ಕ್ಷಮೆ ಕೇಳಲು ನನಗೆ ಮುಖವಿಲ್ಲ. ಡಾಕ್ಟರೇ, ನನ್ನ ಫಾರಂನಲ್ಲಿ 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ತಾಯಿ, ಅಕ್ಕ' ಎಂದು ಬರೆದುಕೊಳ್ಳಿ. ಮಗನ ಫಾರಂನಲ್ಲಿ 'ತಂದೆ' ಎಂದು ಬರೆಯಲು ಒಂದು ಸಾಲು ಖಾಲಿ ಬಿಡಿ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದಿರಿ, ನಿಮಗೆಲ್ಲ ಋಣಿ. ನಮಸ್ಕಾರ.