ಎಷ್ಟು ಮಂದಿ ಬಂದದ?

ಹಂಗಲ್ಲ ಶ್ರಾವಣಿ, ನಿಮ್ಮಪ್ಪ ಫೋನಿನ್ಯಾಗ ಮಂದಿ ಬಂದದ, ಮಂದಿ ಬಂದದ ಅಂತ ಅನ್ನಾಕತ್ತಿದ್ರಲ್ಲ, ಅದು ನಮ್ಮ ಮಂದಿ ಅಲ್ಲ. ಅದು ಮರಾಠಿ ಮಂದಿ. ಧಂದೆ ಬಿದ್ದು, ಮಾಲು ಹೋಗಲಾರದ, ಕಾರ್ಖಾನಿಯವ್ರು ಕೆಲಸದವರನ್ನ ಬಿಡಸ್ತಾರ ನೋಡು, ಅದಕ್ಕ ಮರಾಠಿಯೊಳಗ ಮಂದಿ ಅಂತಾರ. ನಮ್ಮ ಕನ್ನಡದಾಗ ಮಂದಿ ಅಂದ್ರ ಜನ, ಬೀಗರು ಬಿಜ್ಜರು, ಮನಿಗಿ ಬಂದು ಹೋಗೋರು. ನಗಬ್ಯಾಡ. ಈ ಒಂದು ಮಾತಿನ ಗದ್ದಲದಾಗ ನಮ್ಮವ್ವ, ಅಂದ್ರ ಈ ಮುತ್ಯಾನ ಅವ್ವ, ನಿಮ್ಮವ್ವನ ಆಯಿ, ಒಂದ ದಿನದಾಗ ಮನಿಯಾಗಿನ ಹಿಟ್ಟೆಲ್ಲಾ ಖಾಲಿ ಮಾಡಿ ಕುಂತಿದ್ಲು.

ನೀ ಆಗ ಇನ್ನೂ ಹುಟ್ಟಿದ್ದಿಲ್ಲ. ನಾ ಸೋಲಾಪುರದ ಬಾಜೂಕ ಚಿಂಚೋಳಿ ಎಂಐಡಿಸಿಯೊಳಗ, ಎಲ್ಲಾ ಕಾರ್ಖಾನಿ ಇರೋ ಕಡಿ, ಟಾವೆಲ್ ಕಾರ್ಖಾನಿಗಿ ಹೋಗ್ತಿದ್ದೆ. ಇಪ್ಪತ್ತು ವರ್ಷ... ಅಲ್ಲ, ಇಪ್ಪತ್ತೆರಡು, ಲೂಮಿನ ಮ್ಯಾಲ. ಎಂಥಾ ಟಾವೆಲ್ ಅಂತಿ, ಕೈ ಇಟ್ರ ಮುಣಗಬೇಕು. ಎಲ್ಲಾ ಅಮೇರಿಕಾಕ್ಕ ಹೋಗೂವು, ನಾವು ಮನಿಯಾಗ ತೂತು ಬಿದ್ದ ಪಂಜಾದಲೆ ಮೈ ಒರಸ್ಕೋತಿದ್ವಿ. ಸಂಜಿಕ ಮನಿಗಿ ಬಂದ್ರ ತಲಿ, ಹುಬ್ಬು, ಕಿವಿ, ಎಲ್ಲಾ ಕಡಿ ನೂಲಿನ ಬಿಳೇ ಅರಳಿ. ಅವ್ವ ಬಾಗಲದಾಗ ನಿಂತು ಸೆರಗಿಲೆ ಝಾಡಿಸಿ, "ಬಾರೋ ನನ್ನ ಮುದುಕಾ" ಅಂತ ನಗ್ತಿದ್ಲು. ಈಗ ಖರೇನ ಮುದುಕ ಆಗೀನಿ, ಝಾಡಸಾಕ ಅಕಿ ಇಲ್ಲ. ಇರ್ಲಿ. ಏನ ಹೇಳಾಕತ್ತಿದ್ದೆ? ಹಾಂ, ಕೆಲಸ. ಒಂದ ದಿನ ಮ್ಯಾನೇಜರ ಮುಂಜಾನೆ ಎಲ್ಲಾರನ್ನೂ ಗೇಟಿನ ಹತ್ರ ನಿಲ್ಲಿಸಿದ. ನಮ್ಮ ಮಾರಿ ನೋಡವಲ್ಲ, ನೆಲಾ ನೋಡ್ಕೋತ ಅಂದ, "ಮಂದೀ ಆಲೀ ಆಹೆ. ಉದ್ಯಾಪಾಸೂನ ಯೇವೂ ನಕಾ." ನಾಳಿಂದ ಬರಬ್ಯಾಡ್ರಿ, ಅಷ್ಟ. ಅಮೇರಿಕಾದವ್ರು ಹೊಸಾ ಟಾವೆಲ್ ಕೊಳ್ಳೂದು ಬಿಟ್ಟಾರಂತ. ಅವರು ಅಲ್ಲಿ ಹಳೇದರಾಗ ಮೈ ಒರಸ್ಕೊಂಡ್ರ ನಾ ಇಲ್ಲಿ ಮನಿಗಿ ಬರಬೇಕು, ಇದ್ಯಾವ ನ್ಯಾಯ ಹೇಳು?

ಮನಿಗಿ ಬಂದೆ. ಹನ್ನೊಂದು ಗಂಟೆಕ್ಕ ಬಂದೆ, ನೋಡು, ಮೈಮ್ಯಾಲ ಒಂದ ಎಳಿ ಅರಳಿ ಇಲ್ಲ. ನಿಮ್ಮ ಆಯಿ, ನನ್ನ ಹೇಣ್ತಿ, ಆಗ ದುಧನಿಗಿ ತವರಮನಿಗಿ ಹೋಗಿದ್ಲು, ಮನಿಯಾಗ ಅವ್ವ ಒಬ್ಬಾಕಿನ. ನಿಮ್ಮವ್ವ ನರ್ಸಿಂಗ್ ಕಲಿಯಾಕತ್ತಿದ್ಲು, ಇನ್ನೊಂದು ವರ್ಷ ಉಳಿದಿತ್ತು. ಬಸ್ಸಿನ್ಯಾಗ ಬರೋತನಾ ನನ್ನ ತಲಿಯಾಗ ಅದೊಂದ. ಹುಡುಗಿ ಸಾಲಿ ಬಿಡಿಸಬೇಕಾಗ್ತದ, ಬಾಡಗಿ ಖೋಲಿ ಖಾಲಿ ಮಾಡಿ ನಮ್ಮ ಹಳ್ಳಿ ವಾಗದರಿಗಿ ಹೋಗಬೇಕಾಗ್ತದ, ಇದನ್ನ ಯಾವ ಬಾಯಿಲೆ ಹೇಳ್ಲಿ ಅಂತ. ಅವ್ವ ನನ್ನ ತಲಿ ನೋಡಿದ್ಲು, ಸೆರಗ ಕೈಯಾಗ ಹಿಡದು ಹಂಗ ನಿಂತ್ಲು. "ಯಾಕೋ, ಇಷ್ಟ ಲಗೂ?" ಕೆಲಸ ಹೋತು ಅನ್ನಾಕ ನಾಲಿಗಿ ಏಳವಲ್ದು. "ಮಂದಿ ಬಂದದವ್ವಾ" ಅಂದುಬಿಟ್ಟೆ. ಅಕಿಗಿ ಮರಾಠಿ ಬಾಜಾರಕ್ಕ ಸಾಕಾಗೋವಷ್ಟ ಬರ್ತಿತ್ತು, ಕಿತಿ, ದ್ಯಾ, ನಕೋ, ಮುಗೀತು. "ಎಷ್ಟು ಮಂದಿ ಬಂದದೋ?" ಅಂದ್ಲು. ನನಗ ಸಿಟ್ಟು. "ಸೋಲಾಪುರ ತುಂಬ ಬಂದದ!" ಅಂದೆ. "ಅಯ್ಯ, ಸೋಲಾಪುರ ತುಂಬ ಕರೀಬ್ಯಾಡಪ್ಪಾ, ಹಿಟ್ಟು ಸಾಲಂಗಿಲ್ಲ."

ನಾ ಗ್ವಾಡಿ ಕಡಿ ಮಾರಿ ಮಾಡಿ ಬಿದ್ಕೊಂಡೆ. ಸ್ವಲ್ಪ ಹೊತ್ತಿಗಿ ಒಳಗಿಂದ ಟಪ್ ಟಪ್, ಟಪ್ ಟಪ್. ರೊಟ್ಟಿ ಬಡಿಯಾಕತ್ಯಾಳ. ಒಂದಾತು, ಎರಡಾತು, ನಿಲ್ಲವಲ್ದು. ಎದ್ದು ಹೋಗಿ ನೋಡ್ತೀನಿ, ಬುಟ್ಟಿ ತುಂಬ್ಯದ, ಹಿಟ್ಟಿನ ಡಬ್ಬಿ ತಳಾ ಕಾಣಾಕತ್ಯದ. ಅದೂ ನಾಕು ದಿನ ಬರೋ ಹಿಟ್ಟು. ಬ್ಯಾಡವ್ವ ಅನ್ನಬೇಕಿತ್ತು. ಅನ್ನಲಿಲ್ಲ. ಅಕಿ ಮಾರಿ ಮ್ಯಾಲ ಬೆವರು, ಎಷ್ಟೋ ದಿನದ ಮ್ಯಾಲ ಮನಿಗಿ ಯಾರೋ ಬರ್ತಾರಂತ ಏನು ಖುಷಿ. "ಬಿಸೀ ಇದ್ದಾಗ ಕರಕೊಂಡು ಬಾ ಹೋಗು, ಎಲ್ಲಿ ನಿಂದರಿಸಿ ಬಂದಿ ಅವರ್ನ?"

ಎಲ್ಲಿಂದ ತರ್ಲಿ ಮಂದಿ? ನಾಚಿಕಿಯಾಗಿ ಹೊರಗ ಬಿದ್ದೆ. ಕಾಲು ತಾವ ಎಂಐಡಿಸಿ ಬಸ್ಸು ನಿಲ್ಲೋ ಕಡಿ ಹೋದವು. ಅಲ್ಲಿ ನೋಡ್ತೀನಿ, ನಮ್ಮ ಪಾಳಿಯವ್ರು ಚಹಾದಂಗಡಿ ಮುಂದ ಕುಂತಾರ. ಚಹಾ ಇಲ್ಲ, ಊಟದ ಡಬ್ಬಿ ತೊಡಿ ಮ್ಯಾಲ. ಒಬ್ಬರಿಗೂ ಮನಿಗಿ ಹೋಗೋ ಧೈರ್ಯ ಇಲ್ಲ. ಆರು ಮಂದಿ... ಅಲ್ಲ, ಐದು, ಒಬ್ಬಾಂವ ಹೊಟ್ಟಿ ನೋಯ್ತದ ಅಂತ ಬರಲಿಲ್ಲ. "ನಡೀರಿ, ನಮ್ಮವ್ವ ಕರದಾಳ" ಅಂದೆ. ಬಂದ್ರು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಬಗ್ಗಿಸಿದ ತಲಿ ಎತ್ತಲಾರದ ತಿಂದ್ರು. ಅವ್ವ ಬಡಿಸ್ಕೋತ ಸಿದರಾಮಗ ಕೇಳಿದ್ಲು, "ಇವತ್ತ ರಜಾ ಏನಪ್ಪಾ?" ಸಿದರಾಮ ನನ್ನ ಜೋಡಿ ಬಾಜೂ ಲೂಮಿನಾಂವ, ಕಲ್ಲಿನಂಥಾ ಆಳು. "ಕಾಯಂ ರಜಾನವ್ವಾ" ಅಂದು ತುತ್ತು ಹಿಡದ ಕೈಲೆ ಕಣ್ಣು ಮುಚಗೊಂಡ. ಅವ್ವ ನನ್ನ ನೋಡಿದ್ಲು. "ಇದೇ ಏನ ನಿನ್ನ ಮಂದಿ?" ಹೂಂ ಅಂದೆ. ಸಿದರಾಮನ ತಾಟಿನ್ಯಾಗ ಇನ್ನೊಂದು ರೊಟ್ಟಿ ಹಾಕಿದ್ಲು. "ತಿನ್ನಪ್ಪಾ. ಹಸದು ಅತ್ರ ತಲಿ ಓಡಂಗಿಲ್ಲ."

ಉಳದ ರೊಟ್ಟಿ ಅಕಿ ಒಲಿ ಬಾಜೂಕ ನಿಲ್ಲಿಸಿ, ಒಣಗಿಸಿ ಕಟಕ್ ಮಾಡಿದ್ಲು. ಸಿದರಾಮನ ಭಾವಂದು ಅಕ್ಕಲಕೋಟಿಯೊಳಗ ಗುಡಿ ಹತ್ರ ಕಾಯಿ ಹೂವಿನ ಅಂಗಡಿ ಇತ್ತು. ಆ ಕಟಕ್ ರೊಟ್ಟಿ ಅಲ್ಲಿ ಇಟ್ಟು ನೋಡೂಣು ಅಂತ ಸಿದರಾಮ ಒಯ್ದ. ಸಂಜಿಯೊಳಗ ಎಲ್ಲಾ ಮಾರಿ ಹೋದ್ವು. ದೂರದಿಂದ ದರ್ಶನಕ್ಕ ಬಂದವ್ರು ಕಟ್ಟಿಸ್ಕೊಂಡು ಹೋದ್ರಂತ. ಮರುದಿನ ಅವನ ಭಾವ ಮತ್ತ ಬೇಕು ಅಂದ. ನಿಮ್ಮ ಆಯಿ ದುಧನಿಯಿಂದ ಬಂದು ಡಬ್ಬಿ ತೆಗದು ನೋಡಿ ಬೈದದ್ದು ಬ್ಯಾರೇ ಕಥಿ, ಆದ್ರ ಅಕೀನೂ ಹಂಚಿನ ಮುಂದ ಕುಂತ್ಲು. ನಾ ಪರಾತದಾಗ ಹಿಟ್ಟು ನಾದ್ತಿದ್ದೆ. ಲೂಮು ಹಿಡದ ಕೈಲೆ ಹಿಟ್ಟು! ಮುಂಜಾನೆ ಎಸ್ಟಿ ಬಸ್ಸಿನ್ಯಾಗ ಗಂಟು ತಗೊಂಡು ಅಕ್ಕಲಕೋಟಿಗಿ. ಎಂಟು ತಿಂಗಳು ಹಂಗ ಮಾಡಿದ್ವಿ. ನಿಮ್ಮವ್ವನ ಕಾಲೇಜು ನಿಲ್ಲಲಿಲ್ಲ.

ಆಮ್ಯಾಲ ಕಾರ್ಖಾನಿಯವ್ರು ಕರದ್ರು, ಪಗಾರ ಕಡಿಮಿ ಮಾಡಿ. ಹೋದೆ. ಸಂಜಿಕ ಅವ್ವ ಬಾಗಲದಾಗ ನಿಂತು ಅರಳಿ ಝಾಡಿಸಿ ಅತ್ಲು. ಎಲ್ಲಾ ಸರಿ ಆತು ಅನ್ನು. ಆದ್ರ ಖರೇ ಹೇಳ್ತೀನಿ ಶ್ರಾವಣಿ, ಯಾರಿಗೂ ಹೇಳಬ್ಯಾಡ, ನನಗ ಆ ಎಂಟು ತಿಂಗಳ ನೆನಪಾಗ್ತಾವ, ಆ ಇಪ್ಪತ್ತೆರಡು ವರ್ಷ ಅಲ್ಲ. ಖೋಲಿ ತುಂಬ ಜ್ವಾಳದ ವಾಸನಿ, ಐದೂ ಮಂದಿ ಬಂದು ಕುಂತಿರ್ತಿದ್ರು, ಅವ್ವ ಎಲ್ಲಾರ್ಗೂ ಬೈತಿದ್ಲು. ಈಗ ಸಿದರಾಮ ಇಲ್ಲ, ಅವ್ವ ಇಲ್ಲ. ಓಣ್ಯಾಗ ಯಾರರ ರೊಟ್ಟಿ ಬಡದ್ರ ಇನ್ನೂ ತಿರುಗಿ ನೋಡ್ತೀನಿ. ಒಮ್ಮಿ ಬರ್ತಾಳೇನು, ಒಂದ ಸಲ, ಹಿಟ್ಟಿನ ಕೈಲೆ ಬಾಗಲಕ್ಕ ಬಂದು, ಎಷ್ಟು ಮಂದಿ ಬಂದದೋ ಅಂತ ಕೇಳ್ತಾಳೇನು ಅಂತ.

ಸಾಕು. ಕೆಲಸ ಹೋದದ್ದು ಮುಚ್ಚಿಟ್ಕೊಂಡು ಒಬ್ಬರ ಕುಂದ್ರಬಾರದು, ಮನಿಗಿ ಬಂದು ಉಣಬೇಕು, ತನ್ನಂಗ ಕುಂತವರ್ನೂ ಕರಕೊಂಡು ಬರಬೇಕು. ನಮ್ಮವ್ವ ಕಲಿಸಿದ್ದು ಅಷ್ಟ. ನಿಮ್ಮಪ್ಪ ಗೋದಾಮಿನವ್ರು ಬಿಡಿಸಿದಾಗಿಂದ ಮೂರು ದಿನಾತು, ಉಣಲಾರದ ಮಾಳಗಿ ಮ್ಯಾಲ ಒಬ್ಬರ ಕುಂತಾರ. ಏಳು, ಹೋಗು, ನಿಮ್ಮವ್ವ ಹಂಚು ಇಟ್ಟಾಳ. ಅವರ ಜೋಡಿ ಕೆಲಸ ಹೋದವ್ರು ಇನ್ನೂ ಇರಬೇಕಲ್ಲ? ಮುತ್ಯಾ ಕೇಳಾಕತ್ತಾನ ಅನ್ನು, ಎಷ್ಟು ಮಂದಿ ಬಂದದ ಅಂತ.