ಹೊಗೆ ಬೇಕಾದವರು

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಗುರುತಿಲ್ಲದ ಇಬ್ಬರು ಹೆಂಗಸರು, ಅತ್ತಿಗೆ-ನಾದಿನಿ, ಕೂತಿದ್ದರು. ಅತ್ತಿಗೆಗೆ ಬಿಡದ ಕೆಮ್ಮು. ಹಳ್ಳಿಯೂಟಕ್ಕೆಂದು ಬರುವ ಪ್ರವಾಸಿಗರಿಗೆ ಆಕೆ ಮನೆಯಲ್ಲೇ ಅಡುಗೆ ಮಾಡಿ ಬಡಿಸುತ್ತಾರೆಂದು ಮಾತಿನಿಂದ ತಿಳಿಯಿತು. ಕೇಳಿಸಿಕೊಂಡದ್ದು ತಪ್ಪಿರಬಹುದು. ಏನನ್ನೂ ಸೇರಿಸದೆ ಬರೆಯಲು ಪ್ರಯತ್ನಿಸಿದ್ದೇನೆ.

“ಗ್ಯಾಸ್ ಒಲೆ ಏನಾಯ್ತು ಅತ್ತಿಗೆ?” ನಾದಿನಿ ಕೇಳಿದರು.

“ಮಂಚದ ಕೆಳಗಿದೆ. ಬಂದೋರ ಕಣ್ಣಿಗೆ ಬೀಳಬಾರದಂತೆ, ವ್ಯಾನಲ್ಲಿ ಜನ ಕರ್ಕೊಂಡು ಬರೋ ಏಜೆಂಟ್ ಹೇಳಿದಾನೆ. ಸೌದೆ ಒಲೆ, ಹೊಗೆ ಇದ್ರೇನೇ ಫೋಟೋ ಚೆನ್ನಾಗಿ ಬರೋದಂತೆ.”

“ಅವರೂ ಹೊಗೇಲಿ ಕೂತ್ಕೋತಾರಾ?”

“ಎಲ್ಲಿ! ಎರಡು ಫೋಟೋ ತೆಗೆದು, ಕಣ್ಣುಜ್ಜಿಕೊಂಡು ಆಚೆ ಓಡ್ತಾರೆ.”

“ಬಿಟ್ಬಿಡಿ ಅತ್ತಿಗೆ. ಹೊಗೆ ಒಲೆ ಬಿಡದಿದ್ರೆ ಜೀವಕ್ಕೇ ಕುತ್ತು ಅಂತ ಡಾಕ್ಟ್ರು ಹೋದ ಸಲಾನೇ ಹೇಳಿದ್ರಲ್ಲ.”

“ನಾನು ಬಿಟ್ರೆ ಊರು ನನ್ನ ಬಿಡತ್ತಾ? ನಮ್ಮನೆ ಊಟಕ್ಕೆ ಅಂತಲೇ ವ್ಯಾನ್ ಬರೋದು. ಕುಂಬಾರರ ಮಡಕೆ, ನಿನ್ನ ಗಂಡ ಮಾರೋ ಹಾಲು, ಎಲ್ಲಾ ಆ ವ್ಯಾನಿನೋರೇ ತಗೊಳ್ಳೋದು.”

ನಾದಿನಿ ಗೋಡೆ ಗಡಿಯಾರ ನೋಡಿದರು.

“ಇವತ್ತೂ ವ್ಯಾನ್ ಬರತ್ತಲ್ಲ, ಒಲೆ ಮುಂದೆ ಯಾರಿದಾರೆ?”

“ಸೊಸೆ ಕೂತಿದಾಳೆ.”

“ಅಯ್ಯೋ, ಬಸುರಿ ಹುಡುಗೀನಾ!”

“ಬೇಡ ಅಂದೆ ಕಣೇ. ಏಜೆಂಟ್ ಮಾತ್ರ ಖುಷಿಯಾಗಿದಾನೆ. ಎಳೇ ಮುಖ, ಫೋಟೋಕ್ಕೆ ಇನ್ನೂ ಚೆಂದ ಅಂದ.”

ನರ್ಸ್ ಬಾಗಿಲಲ್ಲಿ ನಿಂತು ಕೈ ಮಾಡಿ ಕರೆದಳು. ಅತ್ತಿಗೆ ಗೋಡೆ ಹಿಡಿದು ಎದ್ದರು.

“ಒಲೆ ಬಿಟ್ಟಿರಾ ಅಂತ ಡಾಕ್ಟ್ರು ಕೇಳಿದ್ರೆ ಏನಂತೀರಿ?”

“ಬಿಟ್ಟಿದೀನಿ ಅಂತೀನಿ. ಇವತ್ತಿನ ಮಟ್ಟಿಗೆ ಸುಳ್ಳಲ್ವಲ್ಲ.”

ಇಬ್ಬರೂ ಒಳಗೆ ಹೋದರು. ನರ್ಸ್ ಬಾಗಿಲು ಹಾಕಿಕೊಂಡಳು.